ಮುಳ್ಳು ನುಂಗುವ ಸ್ವಿಚ್ಚು

ಅಣ್ಣ ಪ್ರೋಬಿನ ತುದಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಕಣ್ಣು ಅರೆಮುಚ್ಚಿ, ಬಾಯಿ ಓರೆ ಮಾಡಿ, ಪರಮಸುಖದಲ್ಲಿ. ಆಮೇಲೆ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಪ್ಯಾಂಟಿಗೆ ಒರೆಸಿ, ತಂಗಿಯ ಕೈಗೆ ಕೊಟ್ಟ.

"ಥೂ, ಅಸಹ್ಯ. ಇದನ್ನ ನಾನು ಮುಟ್ಟಬೇಕಾ?"

"ಕಿವಿಯೂ ಒಂದು ಸರ್ಕ್ಯೂಟೇ ಕಣೆ."

ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ ಅದು. ಗೋಡೆಯ ಮೊಳೆಗಳಿಗೆ ಪ್ರೋಬುಗಳು, ಅಂದರೆ ತಂತಿ ಮುಟ್ಟಿ ಕರೆಂಟು ನೋಡುವ ಕಡ್ಡಿಗಳು, ನೇತಾಡುತ್ತಿದ್ದವು. ಸಾವಿರಾರು ವೋಲ್ಟು ತಡೆಯುವ ದಪ್ಪ ಹಿಡಿಯದು. ಎರಡು ತಂತಿಗಳ ನಡುವಿನ ವ್ಯತ್ಯಾಸ ಹೇಳುವ ಎರಡು ಕಾಲಿನದು. ತಂತಿಯನ್ನು ಕಡಿಯದೆ, ಬರೀ ತಬ್ಬಿಕೊಂಡು ಕರೆಂಟು ಅಳೆಯುವ ಇಕ್ಕಳದಂಥದು. ದೇವರ ಮುಂದಿನ ಸಾಮಾನಿನ ಹಾಗೆ ಒಂದೊಂದಕ್ಕೂ ಒಂದೊಂದು ಸೇವೆ. ಕಣ್ಣಿಗೆ ಕಾಣದ್ದನ್ನು, ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರುವ ಆಸಿಲೋಸ್ಕೋಪಿನ ಪರದೆಗೆ ಇದ್ದದ್ದು ಇದ್ದ ಹಾಗೆ ಒಪ್ಪಿಸಬೇಕು, ಅಷ್ಟೇ.

ಮೇಜಿನ ಮೇಲೆ ಎಳೆಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಿತ್ತು. ಶಾಖ ತಾನಾಗಿ ಏರಿಬಿಡುತ್ತದೆಂದು ಬಂದದ್ದು. ಅದನ್ನು ಒಯ್ಯಲು ಬಂದ ನರ್ಸಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು.

ತಂಗಿ ತುದಿಯನ್ನು ಸ್ಪಿರಿಟಿನಲ್ಲಿ ತೊಳೆದು, ಪ್ರೋಬಿನ ಸ್ವಿಚ್ಚನ್ನು ಹತ್ತರ ಗುರುತಿಗೆ ಸರಿಸಿ, ಶಾಖ ನಿಯಂತ್ರಿಸುವ ಬೋರ್ಡಿಗೆ ಮುಟ್ಟಿಸಿದಳು. ಪರದೆಯ ನೇರ ಗೆರೆಯ ಮೇಲೆ ಮುಳ್ಳುಗಳೆದ್ದವು.

"ಅಣ್ಣಾ, ಇನ್ನೂ ಇದೆಯಲ್ಲ. ಈ ಮುಳ್ಳೇ ಹೀಟರನ್ನ ಕೆಣಕ್ತಿರೋದು."

ಅಣ್ಣ ಬಾಗಿ, ಹೆಬ್ಬೆರಳಿನಿಂದ ಸ್ವಿಚ್ಚನ್ನು ಒಂದರ ಗುರುತಿಗೆ ನೂಕಿದ. ಸ್ಕೋಪಿನ ತಿರುಗಣೆಯನ್ನೂ ಅದಕ್ಕೆ ತಕ್ಕಂತೆ ತಿರುವಿದ. ಮುಳ್ಳುಗಳು ಮಾಯವಾದವು.

"ಈಗ ನೋಡು, ನುಣ್ಣಗಿದೆ. ಕಟ್ಟಿ ಕೊಡು."

ಒಂದರ ಗುರುತಿನಲ್ಲಿ ಪ್ರೋಬಿಗೆ ಮಂಜುಗಣ್ಣು. ಸಣ್ಣ, ನಿಧಾನದ ಅಲೆ ನೋಡಲು ಅದು ಒಳ್ಳೆಯದೇ. ಈ ಮುಳ್ಳಿನ ಹಾಗೆ ಚುರುಕಾಗಿ ಬಂದು ಹೋಗುವುದು ಮಾತ್ರ ಅದಕ್ಕೆ ಕಾಣುವುದಿಲ್ಲ. ಇದನ್ನು ಅವಳಿಗೆ ಕಲಿಸಿದವನೇ ಅಣ್ಣ. ಕಿವಿಯ ಗುಗ್ಗೆಯಾದರೆ ಸ್ಪಿರಿಟಿಗೆ ಹೋಗುತ್ತದೆ; ಇದನ್ನು ಯಾವುದರಿಂದ ತೊಳೆಯುವುದು?

"ಹೋದ ವಾರದ ಪೆಟ್ಟಿಗೇನೂ ಹೀಗೇ ನೋಡಿ ಕಳಿಸಿದ್ಯಾ?"

ಅಣ್ಣ ಪ್ರೋಬನ್ನು ಬೋರ್ಡಿನಿಂದ ಬಿಡಿಸಿ ಮತ್ತೆ ಕಿವಿಗೆ ತೂರಿಸಿಕೊಂಡ.

ತಂಗಿ ನರ್ಸಮ್ಮನ ಕಡೆ ತಿರುಗಿದಳು. "ಸಿಸ್ಟರ್, ಇದು ರಿಪೇರಿ ಆಗಿಲ್ಲ. ಹೋದ ವಾರ ತಗೊಂಡು ಹೋದ್ರಲ್ಲ, ಅದೂ ಆಗಿಲ್ಲ. ಅದನ್ನ ಬಳಸಬೇಡಿ."

"ಲೇ," ಅಂದ ಅಣ್ಣ, "ಸ್ವಂತ ಅಣ್ಣನ ಹೊಟ್ಟೆ ಮೇಲೆ ಹೊಡೀತೀಯಲ್ಲೇ."

ನರ್ಸಮ್ಮ ಎದ್ದು ನಿಂತಿದ್ದಳು. "ಅದರಲ್ಲಿ ಈಗ ಮಗು ಮಲಗಿಸಿ ಬಂದಿದೀನಿ," ಎಂದಳು, ಆಗಲೇ ಫೋನನ್ನು ಕಿವಿಗಿಟ್ಟುಕೊಂಡು. "ಹಲೋ, ಆ ಕೂಸನ್ನ ಹೊರಗೆ ತೆಗಿ. ಎದೆಗೆ ಅವಚ್ಕೊಂಡು ಕೂತ್ಕೋ. ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದಲು ತೆಗಿ."

ಮೂವರೂ ಕಾದರು. ಅಂಥ ಹೊತ್ತಿನಲ್ಲಿ ಯಾರು ಯಾವ ದೇವರನ್ನು ನೆನೆದರೋ, ಅವನಿಗೇ ಗೊತ್ತು. ಕೊನೆಗೆ ಫೋನಿನೊಳಗಿಂದ ಅಳು ಕೇಳಿಸಿತು. ನಿದ್ದೆ ಕೆಡಿಸಿದವರ ಮೇಲೆ ಸಿಟ್ಟಾದ, ಗಟ್ಟಿ ಅಳು.

ಅಣ್ಣ ಉಸಿರು ಬಿಟ್ಟ. ಪ್ರೋಬನ್ನು ಪ್ಯಾಂಟಿಗೆ ಒರೆಸಿ ತಂಗಿಯ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಮೊಳೆಯಿಂದ ಬೇರೊಂದನ್ನು ಇಳಿಸಿ, ಸ್ವಿಚ್ಚನ್ನು ಹತ್ತಕ್ಕೆ ಸರಿಸಿ, ಅವನಿಗೆ ಬೆನ್ನು ಹಾಕಿ ಪೆಟ್ಟಿಗೆಯ ಮುಂದೆ ಕೂತಳು.