ಪರಿಮಳಾಳ ನೈಟಿ

ಇಡಗುಂದಿಯ ಕೌದಿ ಸಂಘದಲ್ಲಿ ಹನ್ನೊಂದು ಹೆಂಗಸರಿದ್ದರು. ಹಳೆ ಬಟ್ಟೆ ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರುವುದು ಅವರ ರೀತಿ. ಯಲ್ಲಾಪುರದಲ್ಲಿ ಹೆರಿಗೆಯಾದ ಬಡವರ ಮಕ್ಕಳಿಗೆ ಪುಟ್ಟ ಪುಟ್ಟ ಕೌದಿ ಕೊಡುತ್ತಿದ್ದರು. ಒಂದು ಮಳೆಗಾಲ ನೆರೆಗೆ ಮನೆ ಕಳಕೊಂಡವರಿಗೆಂದು ಎಂಬತ್ತು ಕೌದಿ ಹೊಲಿದು ಟೆಂಪೋ ತುಂಬ ಕಳಿಸಿದ್ದರು. ಇದಲ್ಲದೆ ಇನ್ನೊಂದು ಕೆಲಸವಿತ್ತು. ಊರಲ್ಲಿ ಯಾರಾದರೂ ತೀರಿಕೊಂಡರೆ ಅವರು ಉಟ್ಟುಬಿಟ್ಟ ಬಟ್ಟೆಗಳನ್ನೆಲ್ಲ ಸೇರಿಸಿ ಮನೆಯವರಿಗೆ ಒಂದು ಕೌದಿ ಮಾಡಿಕೊಡುವುದು. ಅದನ್ನು ಶುರುಮಾಡಿದವಳು ಜೈನಾಬ್. ಅವಳ ಗಂಡ ಇಸಾಕ್ ಅರಬೈಲ್ ಘಟ್ಟದಲ್ಲಿ ಲಾರಿ ಸಮೇತ ಕೆಳಗೆ ಹೋಗಿದ್ದ. ಅವನ ಅಂಗಿ, ಲುಂಗಿಗಳನ್ನು ಕತ್ತರಿಸಿ ಕೌದಿ ಹೊಲಿದು ಹೊದೆದ ಮೇಲೇ ಅವಳಿಗೆ ನಿದ್ದೆ ಹತ್ತಿದ್ದು.

ಸಂಘದಲ್ಲಿ ಜೈನಾಬಳ ಬಲಗೈಯಾಗಿದ್ದವಳು ದುರ್ಗಮ್ಮ. ಗಂಡನಿಲ್ಲ, ಎರಡೆಕರೆ ಗದ್ದೆ, ಒಬ್ಬಳೇ ಮಗಳು ಪರಿಮಳಾ. ಮಗಳನ್ನು ಸಿದ್ದಾಪುರ ಕಡೆಯ ಹೆಗ್ಗರಣೆಗೆ ಕೊಟ್ಟಿದ್ದಳು. ಅಳಿಯ ಶಾಂತಾರಾಮ ಗೂಡ್ಸ್ ರಿಕ್ಷಾ ಹೊಡೆಯುತ್ತಿದ್ದ. ಅವರಿಗೆ ಆರು ವರ್ಷದ ಮಗಳು, ಶಾಂಭವಿ.

ಚಳಿ ಇಳಿಯುವ ಹೊತ್ತಿಗೆ ಒಂದು ದಿನ ಅಳಿಯನ ಫೋನು ಬಂತು. ಪರಿಮಳಾ ಬೆಳಿಗ್ಗೆ ಬಟ್ಟೆ ತೊಳೆಯಲು ಹಳ್ಳಕ್ಕೆ ಹೋದವಳು ಬಂಡೆಯ ಮೇಲೆ ಜಾರಿಬಿದ್ದಳು, ತಲೆಯ ಹಿಂಭಾಗ ಒಡೆಯಿತು, ಮುಗಿಯಿತು. ದುರ್ಗಮ್ಮ ಬಸ್ಸು ಬದಲಿಸಿ ಹೋಗಿ ಮುಟ್ಟುವಷ್ಟರಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ, ಹಸಿರು ಸೀರೆ ಉಡಿಸಿ, ತಲೆಗೆ ಬಿಳಿ ಬಟ್ಟೆ ಬಿಗಿದಾಗಿತ್ತು.

"ತಲೆ ಮುಟ್ಟಬೇಡಿ ಅತ್ತೆ. ಕಟ್ಟಿದ್ದು ಬಿಚ್ಚಿಹೋಗ್ತದೆ," ಅಂದಿದ್ದ ಶಾಂತಾರಾಮ. ದುರ್ಗಮ್ಮ ಮುಟ್ಟಲಿಲ್ಲ. ಮಗಳ ಪಾದ ಹಿಡಿದುಕೊಂಡು ಕೂತಳು. ಒಂದು ತಾಸಿನೊಳಗೆ ಚಿತೆಗೆ ಬೆಂಕಿ ಬಿತ್ತು, ಕತ್ತಲಾಗುವಷ್ಟರಲ್ಲಿ ಎಲ್ಲ ಸುಟ್ಟು ಬೂದಿಯಾಯಿತು.

ಮೂರನೇ ತಿಂಗಳಿಗೆ ಅಲ್ಲಿಂದ ಬಸ್ಸಿನಲ್ಲಿ ಒಂದು ಅಕ್ಕಿ ಚೀಲ ಬಂತು. ಒಳಗೆ ಪರಿಮಳಾಳ ಬಟ್ಟೆಗಳು. ಮನೆಯಲ್ಲಿದ್ದರೆ ಮಗು ನೋಡಿ ಅಳುತ್ತದೆಂದು ಶಾಂತಾರಾಮನ ತಾಯಿ ಕಟ್ಟಿ ಕಳಿಸಿದ್ದಳು. ಕಣ್ಣು ಮಂಜಾದ ಮುದುಕಿ. ಅಟ್ಟದ ಮೇಲೆ, ಬಟ್ಟೆ ಹಾಕುವ ಗಳುವಿನ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿದ್ದಳು.

ಮಂಗಳವಾರ ಮಧ್ಯಾಹ್ನ ಸಂಘದ ಶೆಡ್ಡಿನಲ್ಲಿ ಹೆಂಗಸರು ಚೀಲ ಸುರುವಿಕೊಂಡು ಕೂತರು. ಬಣ್ಣ ಬೇರೆ ಮಾಡುವುದು, ಹೊಲಿಗೆ ಬಿಚ್ಚುವುದು, ಹುಕ್ಕು ಕೀಳುವುದು. ಜೈನಾಬಳ ತಂಗಿಯ ಮಗಳು ಶಾಯಿಸ್ತಾ ರವಿಕೆಗಳನ್ನು ಬಿಚ್ಚುತ್ತಿದ್ದಳು. ನಾಲ್ಕನೆಯದನ್ನು ಕೈಗೆತ್ತಿಕೊಂಡವಳು ನಿಲ್ಲಿಸಿದಳು.

"ಖಾಲಾ, ಇಲ್ಲಿ ನೋಡು. ಎಲ್ಲದರದ್ದೂ ಎಡತೋಳೇ ಕಿತ್ತುಬಂದು ಮತ್ತೆ ಹೊಲಿದದ್ದು."

ಜೈನಾಬ್ ಒಂದೊಂದಾಗಿ ನೋಡಿದಳು. ಏಳು ರವಿಕೆ. ಏಳರದ್ದೂ ಎಡತೋಳು ಭುಜದಿಂದ ಕಿತ್ತಿತ್ತು. ಒಂದಕ್ಕಂತೂ ಮೂರು ಸಲ ಮೂರು ಬಣ್ಣದ ದಾರ ಹಾಕಿತ್ತು. ಲಂಗಗಳ ಮೇಲೆ, ತೊಡೆ ಬರುವ ಕಡೆ, ಬೀಡಿ ತುದಿಯಷ್ಟೇ ದೊಡ್ಡ ಸುಟ್ಟ ತೂತುಗಳಿದ್ದವು. ಅವಕ್ಕೂ ಒಳಗಿನಿಂದ ಚೊಕ್ಕವಾಗಿ ತೇಪೆ ಹಾಕಿತ್ತು. ಹೊಲಿಗೆ ಪರಿಮಳಾಳದ್ದು. ಕಲಿಸಿದವಳು ದುರ್ಗಮ್ಮನೇ.

ದುರ್ಗಮ್ಮ ತೇಪೆಗಳ ಮೇಲೆ ಬೆರಳಾಡಿಸಿದಳು. "ನನ್ನತ್ರ ಒಂದು ಮಾತು ಹೇಳ್ಲಿಲ್ಲ," ಅಂದಳು. "ಬಂದಾಗೆಲ್ಲ ನಗ್ತಾ ಇತ್ತು ಹುಡುಗಿ."

ಚೀಲದ ತಳದಲ್ಲಿ ಒಂದು ದಿಂಬು ಉಳಿದಿತ್ತು. ಅದರ ಬಾಯಿಯನ್ನು ಗೋಣಿ ಹೊಲಿಯುವ ಕಪ್ಪು ದಾರದಿಂದ ಅಡ್ಡಾದಿಡ್ಡಿ ಹೊಲಿದಿತ್ತು. ಅದು ಪರಿಮಳಾಳ ಕೈಯಲ್ಲ. ಶಾಯಿಸ್ತಾ ಕತ್ತರಿ ಹಾಕಿದಳು. ಹತ್ತಿಯ ನಡುವಿನಿಂದ ಮುದ್ದೆಯಾದ ನೈಟಿಯೊಂದು ಹೊರಬಂತು. ಹಳದಿ ಹೂವಿನದು. ಕೊರಳಿಂದ ಬೆನ್ನಿನುದ್ದಕ್ಕೆ ಕಂದು ಕಲೆ, ಬಟ್ಟೆ ಅಲ್ಲಿ ಹಪ್ಪಳದ ಹಾಗೆ ಸೆಟೆದಿತ್ತು. ಕೊರಳಪಟ್ಟಿಯ ಹಿಂದೆ ನಾಲ್ಕು ಬೆರಳಗಲದ ಸೀಳು.

ಜೈನಾಬ್ ಅದನ್ನು ಬೆಳಕಿಗೆ ಹಿಡಿದಳು. ಹರಿದ ಬಟ್ಟೆಯ ಅಂಚಿನಲ್ಲಿ ನೂಲು ಜೋಲುತ್ತದೆ. ಇಲ್ಲಿ ನೂಲು ಜೋಲಿರಲಿಲ್ಲ.

"ಇದು ಹರಿದದ್ದಲ್ಲ, ಕತ್ತಿ ಬಿದ್ದದ್ದು," ಅಂದಳು. "ಬಿಸಿನೀರಲ್ಲಿ ತೊಳೆದಿದ್ದಾರೆ. ಬಿಸಿನೀರು ಹಾಕಿದ್ರೆ ರಕ್ತ ಕಚ್ಚಿ ಹಿಡೀತದೆ. ಹೆಂಗಸಾದವಳು ಹಾಗೆ ಮಾಡೂದಿಲ್ಲ. ಗಂಡಸು ತೊಳೆದದ್ದು."

ಕೊರಳಪಟ್ಟಿಯ ಹೊಲಿಗೆಯಲ್ಲಿ ಉದ್ದನೆಯ ಕೂದಲು ನಾಲ್ಕೈದು ಸಿಕ್ಕಿಕೊಂಡಿದ್ದವು. ದುರ್ಗಮ್ಮ ಅವನ್ನು ನೋಡಿದಳು. ಹಳ್ಳಕ್ಕೆ ನೈಟಿಯಲ್ಲಿ ಹೋಗುವ ಹುಡುಗಿಯಲ್ಲ ಅವಳು. ದುರ್ಗಮ್ಮ ಎದ್ದು ಶೆಡ್ಡಿನ ಮೂಲೆಗೆ ಹೋದಳು. ತಿರುಗಿ ಬರುವಾಗ ಸೌದೆ ಸೀಳುವ ಕತ್ತಿ ಅವಳ ಕೈಯಲ್ಲಿತ್ತು.

"ಕೂತ್ಕೋ," ಜೈನಾಬ್ ಅವಳ ಮುಂಗೈ ಹಿಡಿದಳು. "ಮಗು ಅವನ ಹತ್ರ ಇದೆ. ನಾಳೆ ಹತ್ತು ಗಂಟೆ ಬಸ್ಸಿಗೆ ಎಲ್ಲರೂ ಸೇರಿ ಯಲ್ಲಾಪುರ ಸ್ಟೇಷನ್ನಿಗೆ ಹೋಗುವ. ಪೊಲೀಸರು ಮಗುವನ್ನ ಮೊದಲು ತರಲಿ. ಅಲ್ಲೀವರೆಗೆ ಅವನಿಗೆ ಗಾಳಿ ಸುದ್ದಿಯೂ ಹೋಗೂಕಾಗದು. ತಿಳೀತಾ?"

ದುರ್ಗಮ್ಮ ತಲೆಯಾಡಿಸಿದಳು. ಆದರೆ ಬೆಳಿಗ್ಗೆ ಆರಕ್ಕೆ, ಒಲೆಗೆ ಬೆಂಕಿ ಹಾಕುವಾಗ, ಅವಳಿಂದ ತಡೆಯಲಾಗಲಿಲ್ಲ. ಅಳಿಯನಿಗೆ ಫೋನು ಹಚ್ಚಿದಳು.

"ಆ ದಿಂಬು ಬಿಚ್ಚಿದೆ," ಅಂದಳು. "ನನ್ನ ಮಗಳನ್ನ ಎಂತಕ್ಕೆ ಕೊಂದ್ಯೋ?"

ಆ ಕಡೆ ಫೋನು ಕಟ್ಟಾಯಿತು.

ಅವಳು ಮಾಡಿದ್ದನ್ನು ಜೈನಾಬಳಿಗೆ ಹೇಳಿದ್ದು ಒಂಬತ್ತು ಗಂಟೆಗೆ, ಶೆಡ್ಡಿನ ಬಾಗಿಲಲ್ಲಿ. ಜೈನಾಬ್ ಬೈಯಲಿಲ್ಲ. ಶಾಯಿಸ್ತಾಳ ಕಡೆ ತಿರುಗಿ, "ಈಗಲೇ ಸ್ಟೇಷನ್ನಿಗೆ ಫೋನು ಮಾಡು," ಅಂದಳು. ಶಾಯಿಸ್ತಾ ಮಾತಾಡುತ್ತಿದ್ದ ಹಾಗೆಯೇ ಅಂಗಳದಲ್ಲಿ ಬೈಕು ನಿಂತಿತು. ಮುಂದೆ ಟ್ಯಾಂಕಿನ ಮೇಲೆ ಶಾಂಭವಿ ಕೂತಿದ್ದಳು, ಕಾಲಲ್ಲಿ ಚಪ್ಪಲಿಯಿಲ್ಲ, ಎರಡು ಜಡೆಯಲ್ಲಿ ಒಂದನ್ನೇ ಹೆಣೆದಿತ್ತು. ಶಾಂತಾರಾಮ ಅವಳ ಕೈ ಹಿಡಿದು ಒಳಗೆ ಬಂದ. ಶೆಡ್ಡಿನಲ್ಲಿ ಆಗ ಇದ್ದದ್ದು ಐದು ಹೆಂಗಸರು.

ಅವನು ಸಿಟ್ಟಿನಲ್ಲಿದ್ದ ಹಾಗೆ ಕಾಣಲಿಲ್ಲ. ದಣಿದ ದನಿಯಲ್ಲಿ ಹೇಳಿದ: "ಅತ್ತೆ, ಆ ನೈಟಿ ಕೊಡಿ. ಮಗು ಇಟ್ಕೊಳ್ಳಿ. ಅಲ್ಲಿಗೆ ಮುಗೀತು."

ದುರ್ಗಮ್ಮ ಮಗುವನ್ನು ನೋಡಿದಳು. ಕತ್ತಿನ ಬದಿಯಲ್ಲಿ ನಾಲ್ಕು ಬೆರಳಿನ ಗುರುತು ಮೂಡಿತ್ತು. "ಕೊಡ್ತೆ," ಅಂದಳು. "ಮೊದಲು ಅದನ್ನ ಬಿಡು."

ಅವನು ಕೈ ಬಿಟ್ಟ. ಶಾಂಭವಿ ಓಡಿಬಂದು ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿದಳು. ದುರ್ಗಮ್ಮ ನೈಟಿಯನ್ನು ಎತ್ತಿ ಅವನ ಕಡೆ ಚಾಚಿದಳು. ಅವನು ತುದಿ ಹಿಡಿದ. ಆದರೆ ಅವಳ ಬೆರಳು ಬಿಚ್ಚಲಿಲ್ಲ. ಕೊಡಬೇಕೆಂದೇ ಇದ್ದೆ, ಕೈ ಕೇಳಲಿಲ್ಲ ಎಂದು ಆಮೇಲೆ ಅವಳು ಹೇಳುತ್ತಿದ್ದಳು. ಅವನು ಎಳೆದ. ಅವಳೂ ಎಳೆದಳು. ಬಟ್ಟೆ ಪರ್ರೆಂದಿತು.

ಶಾಂತಾರಾಮ ಎಡಗೈಯಿಂದ ಅವಳ ಬಾಯಿಗೆ ಗುದ್ದಿದ. ಎರಡು ಹಲ್ಲು ಕಿತ್ತು ನೆಲಕ್ಕೆ ಬಿದ್ದವು. ಅವಳು ಮಂಡಿಯೂರಿದಳು, ಆದರೂ ನೈಟಿ ಬಿಡಲಿಲ್ಲ. ಅವನು ಅಂಗಿ ಎತ್ತಿ ಬೆನ್ನಿಗೆ ಸಿಕ್ಕಿಸಿದ್ದ ಕತ್ತಿ ಎಳೆದ. ಜೈನಾಬ್ ಹೊಲಿಯುತ್ತಿದ್ದ ಕೌದಿಯನ್ನು ಕೈಗೆ ಸುತ್ತಿಕೊಂಡು ಅಡ್ಡ ಬಂದಳು. ಮೊದಲ ಏಟು ಆರು ಪದರ ಬಟ್ಟೆಯಲ್ಲಿ ಸಿಕ್ಕಿಕೊಂಡಿತು. ಎರಡನೆಯದು ಕೌದಿಯ ಹೊರಗಿದ್ದ ಕೈಗೆ ಬಿತ್ತು. ಅವಳ ಎಡಗೈಯ ಕಿರುಬೆರಳು, ಉಂಗುರಬೆರಳು ಬಿಳಿ ಬಟ್ಟೆಯ ರಾಶಿಯ ಮೇಲೆ ಹೋಗಿ ಬಿದ್ದವು. ಅವಳು ಕೂಗಲಿಲ್ಲ. "ಹಾಕ್ರೇ ಮೇಲೆ!" ಎಂದಳಷ್ಟೇ.

ಶಾಯಿಸ್ತಾ ಮತ್ತು ಇನ್ನಿಬ್ಬರು ಗೋಡೆಗೆ ಆನಿಸಿದ್ದ ಜೋಡಿ ಮಂಚದ ಕೌದಿಯನ್ನು ಹಿಡಿದು ಅವನ ತಲೆಯ ಮೇಲೆ ಹಾಕಿ ಮೈಮೇಲೆ ಬಿದ್ದರು. ಕೌದಿಯೊಳಗಿನಿಂದ ಕತ್ತಿ ಒಮ್ಮೆ ಹೊರಗೆ ಬಂದು ಶಾಯಿಸ್ತಾಳ ತೊಡೆ ಸೀಳಿತು. ಅವಳು ಕಿರುಚುತ್ತಲೇ ಅವನ ಮಣಿಕಟ್ಟನ್ನು ಬಟ್ಟೆ ಸಮೇತ ಕಚ್ಚಿ ಹಿಡಿದಳು. ಕತ್ತಿ ನೆಲಕ್ಕೆ ಬಿತ್ತು. ಒಬ್ಬಳು ಅವನ ಕುತ್ತಿಗೆಯ ಮೇಲೆ ಕೂತಳು. ಒಳಗಿನಿಂದ ದನ ಒರಲಿದ ಹಾಗೆ ಸದ್ದು ಬರುತ್ತಿತ್ತು.

ದುರ್ಗಮ್ಮ ಎದ್ದಳು. ಬಾಯಿಂದ ಗಲ್ಲಕ್ಕೆ ರಕ್ತ ಇಳಿಯುತ್ತಿತ್ತು. ಬಟ್ಟೆ ಬಡಿಯುವ ಮರದ ಕೊಡತಿ ಬಾಗಿಲ ಬಳಿಯಿತ್ತು. ತೆಗೆದುಕೊಂಡಳು. ಕೌದಿಯ ಹೊರಗೆ ಚಾಚಿದ್ದ ಅವನ ಕಾಲಿನ ಮಂಡಿಗೆ ಹೊಡೆದಳು. ಮೂಳೆ ಒಡೆದದ್ದು ಎಲ್ಲರಿಗೂ ಕೇಳಿತು. ಮತ್ತೆ ಹೊಡೆದಳು. ಇನ್ನೊಂದು ಮಂಡಿಗೆ. ಆಮೇಲೆ ಪಕ್ಕೆಗೆ. "ಇದು ಎಡತೋಳಿಗೆ! ಇದು ಎಡತೋಳಿಗೆ!" ಎನ್ನುತ್ತಿದ್ದಳು. ಅವನು "ಅತ್ತೇ, ಅತ್ತೇ" ಎಂದು ಒಳಗಿನಿಂದ ಕೂಗಿದ. ಅವಳು ಕೊಡತಿ ಬಿಸಾಡಿ ನೆಲದ ಮೇಲಿದ್ದ ಕತ್ತಿ ಎತ್ತಿದಳು.

"ದುರ್ಗಮ್ಮಾ," ಎಂದಳು ಜೈನಾಬ್. ಬೆರಳಿಲ್ಲದ ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ಗೋಡೆಗೊರಗಿದ್ದಳು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಅವನನ್ನ ಕೊಂದ್ರೆ ನೀನು ಒಳಗೆ ಹೋಗ್ತೆ. ಮಗುವನ್ನ ಅವನ ಮನೆಯವರು ಕರ್ಕೊಂಡು ಹೋಗ್ತಾರೆ. ಅಷ್ಟೇ ಆಗೂದು."

ದುರ್ಗಮ್ಮ ಕತ್ತಿ ಎತ್ತಿಕೊಂಡೇ ನಿಂತಿದ್ದಳು. ಕಡೆಗೆ ಅಂಗಳಕ್ಕೆ ಹೋಗಿ ಕತ್ತಿಯನ್ನು ಬಾವಿಯ ಕಟ್ಟೆಯ ಮೇಲಿಟ್ಟು, ಅದರ ಪಕ್ಕದಲ್ಲಿ ಕೂತಳು. ಪೊಲೀಸ್ ಜೀಪು ಬರುವವರೆಗೂ ಏಳಲಿಲ್ಲ.

ಕೇಸು ಶಿರಸಿಯ ಕೋರ್ಟಿನಲ್ಲಿ ನಡೆಯಿತು. ಎಲ್ಲ ನಿಧಾನಕ್ಕೆ ಹೊರಗೆ ಬಂತು. ಆ ಬೆಳಿಗ್ಗೆ ಪರಿಮಳಾ ಮಗುವನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಅಂದಿದ್ದಳು. ಅವನು ಅಡುಗೆಮನೆಯಲ್ಲೇ ಹಿಂದಿನಿಂದ ಕಡಿದಿದ್ದ. ನೈಟಿ ಕಳಚಿ, ಸೀರೆ ಸುತ್ತಿ ಹಳ್ಳಕ್ಕೆ ಹೊತ್ತೊಯ್ದು ಬಂಡೆಯ ಮೇಲೆ ಮಲಗಿಸಿದ್ದ. ನೈಟಿಯನ್ನು ಸುಡೋಣವೆಂದರೆ ಜನ ಸೇರಿಬಿಟ್ಟಿದ್ದರು. ದಿಂಬಿನೊಳಗೆ ಹೊಲಿದು ಅಟ್ಟಕ್ಕೆಸೆದಿದ್ದ. ಹೆಣ ಸುಟ್ಟುಹೋಗಿದ್ದರಿಂದ ಆ ನೈಟಿ, ಅದರಲ್ಲಿದ್ದ ಕೂದಲು, ಇವೇ ಸಾಕ್ಷಿ.

ಅವನ ವಕೀಲರು ಜೈನಾಬಳನ್ನು ಕೇಳಿದರು: "ರಕ್ತದ ಕಲೆ, ಬಿಸಿನೀರು ಅಂತೆಲ್ಲ ಹೇಳ್ತೀರಲ್ಲ, ನೀವೇನು ಡಾಕ್ಟರಾ?"

"ಅಲ್ಲ ಸಾಹೇಬ್ರೆ," ಅಂದಳು ಜೈನಾಬ್. "ಮೂವತ್ತೈದು ವರ್ಷ ತಿಂಗಳು ತಿಂಗಳು ರಕ್ತ ತೊಳೆದವಳು."

ಶಾಂತಾರಾಮನಿಗೆ ಜೀವಾವಧಿ ಆಯಿತು. ಅವನನ್ನು ಇಬ್ಬರು ಪೊಲೀಸರು ಎತ್ತಿಕೊಂಡು ಹೋದರು. ಮಂಡಿಗಳು ಸರಿಯಾಗಿ ಕೂಡಿರಲಿಲ್ಲ. ಅದಕ್ಕೆ ದುರ್ಗಮ್ಮನ ಮೇಲೂ ಒಂದು ಕೇಸಿದೆ, ಇನ್ನೂ ನಡೆಯುತ್ತಿದೆ. ಹೊಡೆದಿಲ್ಲವೆಂದು ಹೇಳಲು ಅವಳ ವಕೀಲರು ಹೇಳಿಕೊಟ್ಟರು. ಅವಳು ಒಪ್ಪಲಿಲ್ಲ. "ಹೊಡೆದದ್ದು ನಾನೇ. ಎಷ್ಟು ಅಂತ ಎಣಿಸಲಿಲ್ಲ," ಎಂದು ಹೇಳಿಬಂದಳು.

ತೀರ್ಪು ಬಂದ ದಿನ ಸಂಘದವರೆಲ್ಲ ಅತ್ತು, ನಕ್ಕು, ಚಾ ಕುಡಿದರು. ದುರ್ಗಮ್ಮ ಬೇಗ ಮನೆಗೆ ಹೋದಳು. ಅವಳಿಗೆ ಬೇರೆಯೇ ಚಿಂತೆಯಿತ್ತು. ಆವತ್ತು ಆ ಶೆಡ್ಡಿನಲ್ಲಿ ನಡೆದದ್ದನ್ನೆಲ್ಲ ಶಾಂಭವಿ ಹೊಲಿಗೆ ಮಿಷಿನ್ನಿನ ಕೆಳಗೆ ಕೂತು ನೋಡಿದ್ದಳು. ಅಂದಿನಿಂದ ಆ ಮಗು ಕೌದಿ ಹೊದೆಯುತ್ತಿರಲಿಲ್ಲ. ಹಾಕಲು ಹೋದರೆ ಕೈಕಾಲು ಬಡಿದು, ಉಸಿರು ಕಟ್ಟಿದವರ ಹಾಗೆ ಕಿರುಚುತ್ತಿತ್ತು. ದುರ್ಗಮ್ಮ ಶಿರಸಿಯಿಂದ ತೆಳ್ಳನೆಯ ಅಂಗಡಿ ಹೊದಿಕೆ ತಂದು ಕೊಟ್ಟಿದ್ದಳು. ಅದನ್ನೂ ಎದೆಯವರೆಗೆ ಮಾತ್ರ ಎಳೆದುಕೊಳ್ಳುತ್ತಿತ್ತು.

ಆ ಸಂಜೆ ಅನ್ನ ಕಲಸುವಾಗ ಶಾಂಭವಿ ದೂರದಿಂದಲೇ ಕೇಳಿದಳು: "ಅಜ್ಜೀ, ನಾನು ತಪ್ಪು ಮಾಡಿದ್ರೆ ನನ್ನನ್ನೂ ಹಾಗೆ ಹೊಡಿತ್ಯಾ?"

ದುರ್ಗಮ್ಮ ಕಲಸುವುದನ್ನು ಬಿಟ್ಟು ಅವಳ ಕಡೆ ತಿರುಗಿದಳು. ಅವನು ಕೆಟ್ಟವನು, ನಿನ್ನ ಅಮ್ಮನನ್ನು ಕೊಂದವನು ಎಂದೆಲ್ಲ ಹೇಳಬೇಕೆಂದು ಬಾಯಿಗೆ ಬಂತು. ಮಗು ಕೇಳಿದ್ದು ಅದನ್ನಲ್ಲ ಅನ್ನಿಸಿತು.

"ಇಲ್ಲ," ಅಂದಳು. "ಇನ್ನು ಯಾರನ್ನೂ ಹೊಡೆಯೂದಿಲ್ಲ."

ಶಾಂಭವಿ ಸ್ವಲ್ಪ ಹೊತ್ತು ಅಜ್ಜಿಯ ಕೈಗಳನ್ನೇ ನೋಡಿದಳು. ಆಮೇಲೆ ತನ್ನ ತಟ್ಟೆ ಎತ್ತಿಕೊಂಡು ಬಂದು, ಒಂದು ಮೊಳ ದೂರ ಬಿಟ್ಟು ಕೂತು, ಉಣ್ಣತೊಡಗಿದಳು.