ಗಡಿ ದಾಟಿದ ಅತ್ತೆಯ ಹಲ್ಲು

ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಕಾರ್ಖಾನೆಯೆಂದರೆ ಮನೆಯ ಹಿಂದಿನ ಒಂದೇ ಕೋಣೆ, ಗಡಿಯ ಈ ಕಡೆ. ಹಲ್ಲು ಬೇಕಾದವರೂ ಅವರ ಡಾಕ್ಟರೂ ಗಡಿಯ ಆ ಕಡೆ. ಹೀಗಾಗಿ ಸ್ಕೂಟರಿನ ಸೀಟಿನಡಿ ಯಾರ್ಯಾರದೋ ನಗುವನ್ನು ಇಟ್ಟುಕೊಂಡು ವಾರದಲ್ಲಿ ಹಲವು ಸಲ ಅವಳು ಗಡಿ ದಾಟುತ್ತಿದ್ದಳು. ಎರಡೂ ಕಡೆಯವರು ಅವಳನ್ನು ಕರೆಯುತ್ತಿದ್ದುದು ಹಲ್ಲಕ್ಕ ಎಂದು.

ಓಡಾಡಿ ಓಡಾಡಿ ಅವಳು ಕೆಲವು ಬುದ್ಧಿ ಕಲಿತಿದ್ದಳು. ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೆ ಮೊದಲು ಹೆಲ್ಮೆಟ್ ತೆಗೆಯಬೇಕು, ಆಮೇಲೆ ಬಾಯಿ ತೆರೆಯಬೇಕು. ಗಡಿಯ ಗೇಟಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಏನೇ ಆದರೂ ತಮಾಷೆ ಮಾಡಬಾರದು. ಈ ಕೊನೆಯದು ಮಾತ್ರ ಅವಳ ರಕ್ತದಲ್ಲೇ ಇರಲಿಲ್ಲ. ಗೇಟಿನ ಹಳೆಯ ಇನ್‌ಸ್ಪೆಕ್ಟರಿಗೆ ಅದು ಗೊತ್ತಿತ್ತು. ಹಲ್ಲಿನ ಡಬ್ಬ ತೆರೆಯದೆಯೇ ನಕ್ಕು ಬಿಟ್ಟುಬಿಡುತ್ತಿದ್ದರು. ಅವರಿಗೆ ವರ್ಗವಾಗಿ, ಇಸ್ತ್ರಿಯ ಗೆರೆಯಷ್ಟೇ ನೆಟ್ಟಗೆ ಕೂರುವ ಹುಡುಗಪ್ರಾಯದ ಇನ್‌ಸ್ಪೆಕ್ಟರೊಬ್ಬ ಬಂದು ಕುಳಿತಿದ್ದ.

ಆ ದಿನ ಅವಳಿಗೆ ಅವಸರ. ಸೀಟಿನಡಿ ಇದ್ದದ್ದು ಸ್ವಂತ ಅತ್ತೆಯ, ಅಂದರೆ ಅಪ್ಪನ ಅಕ್ಕನ ಹಲ್ಲು. ಅತ್ತೆಯ ಹಳೇ ಸೆಟ್ಟು ಕೈಜಾರಿ ಬಿದ್ದು ಎರಡು ಹೋಳಾಗಿತ್ತು. ಮಧ್ಯಾಹ್ನ ಮೊಮ್ಮಗಳ ನಿಶ್ಚಿತಾರ್ಥ. ಬೊಚ್ಚುಬಾಯಲ್ಲಿ ಬೀಗರ ಮುಂದೆ ನಿಲ್ಲುವುದಿಲ್ಲವೆಂದು ಅತ್ತೆ ಕೋಣೆ ಸೇರಿಬಿಟ್ಟಿದ್ದರು. ನಿಜ ಹೇಳಬೇಕೆಂದರೆ, ಅತ್ತೆಗೆ ಹಲ್ಲಿಲ್ಲದ ಆ ದಿನಗಳಲ್ಲಿ ಫೋನಿನಲ್ಲಿ ಬೈಗುಳವೂ ಇಲ್ಲದೆ ಹಲ್ಲಕ್ಕ ಹಾಯಾಗಿದ್ದಳು. ಆದರೂ ರಕ್ತಸಂಬಂಧ, ಬಿಡುವಂತಿಲ್ಲ.

ಡಬ್ಬದಲ್ಲಿ ಏನಿದೆ ಎಂದು ಇನ್‌ಸ್ಪೆಕ್ಟರ್ ಕೇಳಿದ.

"ನಮ್ಮತ್ತೆ ಬಾಯಿ," ಎಂದಳು ಹಲ್ಲಕ್ಕ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ನಗಲಿಲ್ಲ. ಡಬ್ಬ ತೆರೆದ. ಹತ್ತಿಯ ನಡುವೆ ಹಲ್ಲುಗಳು ಅವನತ್ತ ನೋಡಿ ಕಿಸಿದವು. ಅವನು ಪೆನ್ನಿನ ತುದಿಯಿಂದ ಅವನ್ನು ಮೆಲ್ಲಗೆ ಮುಟ್ಟಿದ, ಕಚ್ಚಿದರೆ ಎಂಬ ಅನುಮಾನವಿದ್ದವನಂತೆ. ಹೊಸದೋ ಬಳಸಿದ್ದೋ ಎಂದು ವಿಚಾರಿಸಿದ. ಹೊಸದಾದರೆ ಮಾರುವ ಸರಕು, ಅದಕ್ಕೆ ಪರವಾನಗಿ ಬೇಕು. ಬಳಸಿದ್ದಾದರೆ ಸ್ವಂತದ ವಸ್ತು, ಅದರ ಜೊತೆ ಮಾಲೀಕರೇ ಇರಬೇಕು. ಹಲ್ಲಕ್ಕ ಬಳಸಿದ್ದೆಂದೇ ಹೇಳಿ ನೋಡಿದಳು.

"ಹಲ್ಲು ಈ ಕಡೆ, ಬಾಯಿ ಆ ಕಡೆ," ಎಂದ ಇನ್‌ಸ್ಪೆಕ್ಟರ್. "ಇದು ಹೇಗೆ?"

ಬೇಕಾದರೆ ಫೋನ್ ಮಾಡಿ ಕೇಳಿ ಎಂದು ಹಲ್ಲಕ್ಕ ನಂಬರು ಕೊಟ್ಟಳು. ಅವನು ಮಾಡಿದ. ಆ ಕಡೆಯಿಂದ ಅತ್ತೆ ಒಂದೇ ಉಸಿರಿನಲ್ಲಿ ಏನೇನೋ ಹೇಳಿದರು. ಕೇಳಿಸಿದ್ದು ಬರೀ ಬುಸ್ಸು, ಪುಸ್ಸು. ಅವನ ಮುಖ ಗಂಭೀರವಾಯಿತು. ಫೋನಿನ ಬಾಯಿ ಮುಚ್ಚಿ, ಇವರು ಯಾವ ಭಾಷೆಯವರು ಎಂದು ಕೇಳಿದ. ಹಲ್ಲಿಲ್ಲದ ಭಾಷೆ ಸಾರ್, ಅದಕ್ಕೇ ಇಷ್ಟೆಲ್ಲ ಪಾಡು ಎಂದು ಹಲ್ಲಕ್ಕ ಹಣೆ ಚಚ್ಚಿಕೊಂಡಳು.

ಅತ್ತೆಗೆ ಮಾತು ಬಾರದಿದ್ದರೂ ಕಿವಿ ಚುರುಕಾಗಿತ್ತು. ತಮ್ಮ ಹಲ್ಲು ಸೆರೆಯಾಗಿದೆ ಎಂದು ತಿಳಿದದ್ದೇ ತಡ, ಮಗನನ್ನು ಎಬ್ಬಿಸಿ ಕಾರು ತೆಗೆಸಿದರು. ಆ ಕಡೆಯ ಗೇಟಿನ ಕಾವಲುಗಾರ ತಡೆಯಲು ನೋಡಿದನಂತೆ. ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಮುದುಕಿಯನ್ನು ಕಂಡು, ಯಾರೋ ತೀರಿಕೊಂಡಿದ್ದಾರೆಂದು ತಿಳಿದು ದಾರಿ ಬಿಟ್ಟನಂತೆ. ಹೀಗೆ ಅತ್ತೆ ಸಮಾರಂಭದ ಬಟ್ಟೆಯಲ್ಲೇ, ಎರಡು ಗೇಟುಗಳ ನಡುವಿನ ತಪಾಸಣೆ ಕೋಣೆಗೆ ನುಗ್ಗಿದರು.

ಇದು ನಿಮ್ಮದೇ ಎಂಬುದಕ್ಕೆ ಪುರಾವೆ ಏನು ಎಂದು ಇನ್‌ಸ್ಪೆಕ್ಟರ್ ಕೇಳಿದ. ಅತ್ತೆ ಡಬ್ಬಕ್ಕೆ ಕೈ ಹಾಕಿ, ಗೋಡೆಯತ್ತ ತಿರುಗಿ, ಮೇಲಿನದನ್ನೂ ಕೆಳಗಿನದನ್ನೂ ಕೂರಿಸಿಕೊಂಡರು. ಹಲ್ಲು ಸರಿಯಾಗಿ ಕೂತೀತೋ ಇಲ್ಲವೋ ಎಂದು ಹಲ್ಲಕ್ಕನಿಗೆ ದಿಗಿಲು. ಗೇಟಿನ ಭಯಕ್ಕಿಂತ ಈ ಭಯವೇ ಅವಳಿಗೆ ದೊಡ್ಡದು.

ಅತ್ತೆ ತಿರುಗಿದರು. ಹತ್ತು ವರ್ಷ ಚಿಕ್ಕವರಾಗಿದ್ದರು.

"ಮೇಲಿಂದು ಸ್ವಲ್ಪ ಒತ್ತುತ್ತೆ ಕಣೇ," ಎಂದರು.

ಆಮೇಲೆ ಇನ್‌ಸ್ಪೆಕ್ಟರ್ ಕಡೆ ಹೊರಳಿದರು. ಅಲ್ಲಿಯವರೆಗೆ ಕಟ್ಟೆ ಕಟ್ಟಿ ನಿಂತಿದ್ದ ಮಾತೆಲ್ಲ ಒಡೆದು ಹರಿಯಿತು. ಮುದುಕಿಯ ಹಲ್ಲು ಹಿಡಿದಿಟ್ಟುಕೊಳ್ಳಲು ಅವನಿಗೆ ಯಾರು ಕಲಿಸಿದರು, ಅವನ ಅಮ್ಮ ಇದನ್ನು ಕೇಳಿದರೆ ಏನೆಂದುಕೊಂಡಾರು, ಇಷ್ಟು ಸಣಕಲಾಗಿದ್ದಾನಲ್ಲ ಹೊತ್ತು ಹೊತ್ತಿಗೆ ಉಣ್ಣುತ್ತಾನೋ ಇಲ್ಲವೋ, ಮದುವೆ ಯಾಕಾಗಿಲ್ಲ. ಇನ್‌ಸ್ಪೆಕ್ಟರ್ ತನಗರಿವಿಲ್ಲದೆಯೇ ಎದ್ದು ನಿಂತು, ಹೂಂ ಅಮ್ಮ, ಇಲ್ಲ ಅಮ್ಮ ಎನ್ನುತ್ತಿದ್ದ. ಕೊನೆಗೆ, ಹಲ್ಲು ಈಗ ಮಾಲೀಕರ ಬಾಯಲ್ಲೇ ಇರುವುದರಿಂದ ತನ್ನದೇನೂ ತಕರಾರಿಲ್ಲ, ಗಡಿ ದಾಟುವ ಪಾಸು ತೋರಿಸಿ ಹೊರಡಬಹುದು ಎಂದ.

ಪಾಸು ಇರಲಿಲ್ಲ. ಅವಸರದಲ್ಲಿ ಅತ್ತೆ ಬೇರೆ ಚೀಲ ತಂದಿದ್ದರು. ಪಾಸಿಲ್ಲದವರನ್ನು ಈ ಕಡೆಗೂ ಬಿಡುವಂತಿಲ್ಲ, ಆ ಕಡೆಗೂ ಕಳಿಸುವಂತಿಲ್ಲ. ಮನೆಯಿಂದ ತರಿಸುವವರೆಗೆ ಇಲ್ಲೇ ಇರಬೇಕಾಗುತ್ತದೆ ಎಂದು ಅವನು ಸಂಕೋಚದಿಂದ ಹೇಳಿದ. ಅತ್ತೆ ಬೇಸರಪಡಲಿಲ್ಲ. ಅವನ ಎದುರಿನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಆರಾಮಾಗಿ ಕೂತು, "ಮತ್ತೆ, ಜಾತಕ ಗೀತಕ ನೋಡಿಸಿದ್ದೀಯೇನಪ್ಪ?" ಎಂದು ಶುರುಮಾಡಿದರು.

ಇನ್‌ಸ್ಪೆಕ್ಟರ್ ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿದ. ಬೆವರು ಒರೆಸಿಕೊಂಡ. ಆಮೇಲೆ ಪುಸ್ತಕ ಮುಚ್ಚಿ, ತಗ್ಗಿದ ದನಿಯಲ್ಲಿ ಹಲ್ಲಕ್ಕನಿಗೆ ಹೇಳಿದ: "ನೋಡಿ, ಇವರು ಬಂದಿದ್ದು ಎಲ್ಲೂ ದಾಖಲಾಗಿಲ್ಲ. ಅಂದ್ರೆ ಇವರು ಬಂದೇ ಇಲ್ಲ. ಬರದೇ ಇರೋರನ್ನ ನಾನು ತಡೆಯೋದು ಹೇಗೆ? ದಯವಿಟ್ಟು ಕರ್ಕೊಂಡು ಹೋಗಿ."

ಅತ್ತೆಗೆ ಅದು ಅವಮಾನವೆನಿಸಿತು. ತಾನು ಬಂದೇ ಇಲ್ಲವೆಂದರೆ ಇಷ್ಟೊತ್ತು ಮಾತಾಡಿದವಳು ಯಾರು ಎಂದು ಅವರು ಜಗಳಕ್ಕೆ ಎದ್ದರು. ಹಲ್ಲಕ್ಕ ಅವರ ರಟ್ಟೆ ಹಿಡಿದು, ಹೆಚ್ಚುಕಡಿಮೆ ಎಳೆದುಕೊಂಡೇ ಕಾರಿಗೆ ಹತ್ತಿಸಿದಳು.

ನಿಶ್ಚಿತಾರ್ಥ ಚೆನ್ನಾಗಿಯೇ ನಡೆಯಿತು. ಬೀಗರ ಕಡೆಯವರಿಗೆ ಮಾತಾಡಲು ಅವಕಾಶವೇ ಸಿಗಲಿಲ್ಲ.

ಮುಂದಿನ ವಾರ ಹಲ್ಲಕ್ಕ ಮತ್ತೆ ಗೇಟಿಗೆ ಬಂದಾಗ ಇನ್‌ಸ್ಪೆಕ್ಟರ್ ಡಬ್ಬವನ್ನು ಕೇಳಲೇ ಇಲ್ಲ. ಎದ್ದು ಹೊರಗೆ ಬಂದು ಅವಳ ಹಿಂದಿನ ರಸ್ತೆಯನ್ನು ದೂರದವರೆಗೂ ನೋಡಿದ. ಹಿಂದಿನ ಸೀಟನ್ನೂ ನೋಡಿದ.

"ಒಬ್ಬರೇ ತಾನೇ?" ಎಂದು ಕೇಳಿದ.

ಒಬ್ಬಳೇ ಎಂದಳು ಹಲ್ಲಕ್ಕ. ಆ ದಿನ ಅದಕ್ಕಿಂತ ಹೆಚ್ಚಿಗೆ ಒಂದು ಮಾತನ್ನೂ ಆಡಲಿಲ್ಲ. ಅವನೇ ಗೇಟು ಎತ್ತಿ ಹಿಡಿದು ನಿಂತ.