ಪಕ್ಕದ ಸೀಟಿನ ಬಲಗಾಲು

ನಮ್ಮ ಭಾವನವರ ದೇಹದಲ್ಲಿ ಮುಕ್ಕಾಲು ಪಾಲು ಪರಮ ಶಾಂತ. ತೊಂದರೆಯೆಲ್ಲ ಉಳಿದ ಕಾಲಿನದು. ಅದು ಬಲಗಾಲು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ಅವರಿಗೆ ಕಾಣದಂತೆ ತಮ್ಮ ಕಾಲಡಿಯ ಎರಡನೆಯ ಬ್ರೇಕನ್ನು ಒತ್ತುತ್ತಲೇ ಆಯುಷ್ಯದ ಬಹುಭಾಗ ಸವೆಸಿದ ಆ ಕಾಲಿಗೆ, ಬ್ರೇಕು ಇರುವ ಜಾಗ ಯಾವುದು, ಇಲ್ಲದ ಜಾಗ ಯಾವುದು ಎಂಬ ವಿವೇಕ ಎಂದೋ ಅಳಿಸಿಹೋಗಿದೆ. ಸಿನಿಮಾದಲ್ಲಿ ನಾಯಕನ ಜೀಪು ಕಣಿವೆಯ ಅಂಚಿಗೆ ಬಂದರೆ ಮುಂದಿನ ಸಾಲಿನವರ ಬೆನ್ನಿಗೆ ಒದೆ ಬೀಳುತ್ತದೆ. ಅಕ್ಕ ತುಂಬಿದ ಹಾಲಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ರಭಸವಾಗಿ ತಿರುಗಿದರೆ ಊಟದ ಮೇಜಿನಡಿ ಧಪ್ಪೆಂದು ಸದ್ದಾಗುತ್ತದೆ. ಮಾತಿನ ಭರದಲ್ಲಿ ಯಾರಾದರೂ ಹೇಳಬಾರದ್ದನ್ನು ಹೇಳಲು ಹೊರಟರೂ ಅಷ್ಟೇ. ಎಷ್ಟೋ ಸಲ ಆ ಸದ್ದು ಕೇಳಿಯೇ ನಾನು ಬಾಯಿ ಮುಚ್ಚಿಕೊಂಡು ಮರ್ಯಾದೆ ಉಳಿಸಿಕೊಂಡಿದ್ದೇನೆ.

ಅವರದೊಂದು ಕಂದು ಬಣ್ಣದ ಕೋಟಿದೆ. ಒಂದು ತೋಳು ಹೊಸದರ ಹಾಗೇ ಇದೆ. ಕಿಟಕಿಯ ಕಡೆಗಿದ್ದ ಇನ್ನೊಂದು ತೋಳು ವರ್ಷಾನುವರ್ಷದ ಬಿಸಿಲುಂಡು ಬೂದಿಯ ಬಣ್ಣಕ್ಕೆ ತಿರುಗಿದೆ. ದೂರದಿಂದ ನೋಡಿದರೆ ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಕೋಟಿನಲ್ಲಿ ಸಂಸಾರ ಹೂಡಿದಂತೆ ಕಾಣುತ್ತದೆ. ನಡಿಗೆಯಲ್ಲಿಯೂ ವೃತ್ತಿಧರ್ಮ ಬಿಟ್ಟವರಲ್ಲ: ಹಜಾರದಿಂದ ಬಚ್ಚಲಿಗೆ ತಿರುಗುವ ಮುನ್ನ ಒಮ್ಮೆ ಹಿಂದಿರುಗಿ ನೋಡಿ, ಕೈಯನ್ನು ಅರ್ಧ ಎತ್ತಿ, ಆಮೇಲೆಯೇ ತಿರುಗುತ್ತಾರೆ. ಏನಾದರೂ ಕೆಟ್ಟರೆ, ಗಡಿಯಾರವಾಗಲಿ, ನಲ್ಲಿಯಾಗಲಿ, ನೆಂಟಸ್ತನವಾಗಲಿ, ಅವರ ಬಾಯಿಂದ ಹೊರಡುವ ಮಾತು ಒಂದೇ: "ಸುಮ್‌ಸುಮ್ನೆ ಯಾವ್ದೂ ಆಗಲ್ಲ."

ನೆಲದ ಮೇಲೆ ಸಾವಿರಾರು ಜನರ ಭಯವನ್ನು ಬಿಡಿಸಿದ ಇವರು ಸಂಜೆಯಾದರೆ ಆಕಾಶಕ್ಕೇರುತ್ತಾರೆ. ಬಟ್ಟೆ ಇಸ್ತ್ರಿ ಮಾಡುವ ಸಣ್ಣ ಕೋಣೆಯೇ ಅವರ ವಿಮಾನ. ಅಲ್ಲಿ ಕಂಪ್ಯೂಟರಿನ ದೊಡ್ಡ ಪರದೆ, ಕೈಯಲ್ಲಿ ಹಿಡಿಯುವ ಕೋಲು, ವಿಮಾನದ ಬಾಲದ ಚುಕ್ಕಾಣಿಯನ್ನು ತಿರುಗಿಸಲು ಕಾಲಿಗೆ ಎರಡು ಪೆಡಲು. ಇಂಜಿನ್ನಿನ ವೇಗದ ಹಿಡಿಕೆಯನ್ನು ಇಸ್ತ್ರಿ ಮೇಜಿನ ತುದಿಗೆ ಬಿಗಿದಿದ್ದಾರೆ. "ರೀ, ನಿಮ್ಮ ರನ್‌ವೇ ಮೇಲೆ ಒದ್ದೆ ಶರ್ಟ್ ಇದೆ, ತೆಕ್ಕೊಳ್ಳಿ" ಎಂದು ಅಕ್ಕ ಬಾಗಿಲಲ್ಲೇ ನಿಂತು ಎಚ್ಚರಿಸುವುದುಂಟು. ಇದನ್ನು ಆಟ ಎಂದವರಿಗೆ ಆ ಮನೆಯಲ್ಲಿ ಕಾಫಿ ತಡವಾಗಿ ಬರುತ್ತದೆ.

ಈ ಹಾರಾಟ ಹೋರಾಟವಾದದ್ದು ನಮ್ಮ ಅಮ್ಮನ ದೆಸೆಯಿಂದ. ಚಿಕ್ಕಮ್ಮ ಸೊಂಟ ಮುರಿದುಕೊಂಡು ದೂರದ ಊರಿನಲ್ಲಿ ಮಲಗಿದ್ದಳು. ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಕಳೆದಿದ್ದವು. ರೈಲಿನಲ್ಲಿ ಅಷ್ಟು ದೂರ ಕೂರಲು ಅಮ್ಮನ ಬೆನ್ನು ಒಪ್ಪುವುದಿಲ್ಲ. ವಿಮಾನದಲ್ಲಿ ಕೂರಲು ಎದೆ ಒಪ್ಪುವುದಿಲ್ಲ. ಅಕ್ಕ ಹಟ ಹಿಡಿದು ಅಮ್ಮನಿಗೂ ತನಗೂ ಟಿಕೆಟ್ ಮಾಡಿಸಿದ್ದಳು, ಆದರೆ ಶುಕ್ರವಾರದೊಳಗೆ ಬೇಕಾದರೆ ರದ್ದು ಮಾಡಬಹುದೆಂಬ ಸಂಗತಿಯನ್ನು ಅಮ್ಮ ಎಲ್ಲಿಂದಲೋ ತಿಳಿದುಕೊಂಡುಬಿಟ್ಟಿದ್ದಳು.

"ಅತ್ತೆ, ನಾನು ತೋರಿಸ್ತೀನಿ ಬನ್ನಿ. ಅದೇ ದಾರಿ, ಅದೇ ಥರದ ವಿಮಾನ," ಎಂದರು ಭಾವ. ಹೆದರಿದವರ ಪಕ್ಕ ಕೂತು ಧೈರ್ಯ ತುಂಬುವುದೇ ತಮ್ಮ ಕಸುಬಾಗಿರುವಾಗ ಸ್ವಂತ ಅತ್ತೆಗೆ ಆ ಸೇವೆ ಸಲ್ಲದಿದ್ದರೆ ಹೇಗೆಂಬ ಅಭಿಮಾನ ಬೇರೆ.

ಭಾನುವಾರ ಮಧ್ಯಾಹ್ನ ಅಮ್ಮ ನಿಜವಾಗಿಯೇ ಊರಿಗೆ ಹೊರಟವಳಂತೆ ಬೂಟು ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಭಾವನ ಪಕ್ಕದ ಕುರ್ಚಿಯಲ್ಲಿ ಕೂತಳು. ವಿಮಾನ ಸರಾಗವಾಗಿ ಏರಿತು. ಮೋಡ ದಾಟಿತು. "ಇಷ್ಟೇನಾ?" ಎಂದು ಅಮ್ಮ ಕೈಚೀಲದಿಂದ ಪೆಪ್ಪರ್‌ಮಿಂಟ್ ತೆಗೆದು ಅಳಿಯನಿಗೂ ಒಂದು ಕೊಟ್ಟಳು. ಇಳಿಯುವ ಹೊತ್ತಾಯಿತು, ಕೆಳಗಿನ ಹೊಲ, ಮನೆ, ರಸ್ತೆಗಳು ದೊಡ್ಡದಾಗುತ್ತ ಎದುರಿಗೆ ಬಂದವು. ಇದ್ದಕ್ಕಿದ್ದಂತೆ ವಿಮಾನದ ಮೂತಿ ಬಲಕ್ಕೆ ಹೊರಳಿತು, ರೆಕ್ಕೆ ಕುಸಿಯಿತು, ಭಾವ ಕೋಲನ್ನು ಎಳೆದರೂ ಜಗ್ಗಿದರೂ ಕೇಳದೆ ಗಿರಗಿರನೆ ಸುತ್ತಿ ಯಾರದೋ ಹೊಲಕ್ಕೆ ಬಿತ್ತು. ಬಿದ್ದದ್ದು ವಿಮಾನ, ಎದ್ದದ್ದು ಅನುಮಾನ, ಉಳಿದದ್ದು ಅವಮಾನ.

ಅಮ್ಮ ಎದ್ದು ಸೀರೆಯ ನೆರಿಗೆ ಸರಿಪಡಿಸಿಕೊಂಡಳು. "ಟಿಕೆಟ್ ವಾಪಸ್ ಕೊಟ್ಬಿಡಿ ಅಳಿಯಂದಿರೇ," ಎಂದಷ್ಟೇ ಹೇಳಿ ಹೊರಗೆ ಹೋದಳು.

"ಏನೋ ಆಯ್ತು ಬಿಡಿ ಭಾವ, ಕಂಪ್ಯೂಟರ್ ಅಲ್ವಾ," ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಲೈಸೆನ್ಸ್ ರದ್ದಾದಂತಿತ್ತು. "ಏನೋ ಅಂದ್ರೆ ಏನು? ಸುಮ್‌ಸುಮ್ನೆ ಯಾವ್ದೂ ಆಗಲ್ಲ."

ಅಲ್ಲಿಂದ ಶುರುವಾಯಿತು ತನಿಖೆ. ಕೋಲಿನ ತಂತಿ ಬದಲಾಯಿತು. ಗಾಳಿಯನ್ನು ಪೂರ್ತಿ ನಿಲ್ಲಿಸಿದ ನಿಶ್ಚಲ ಆಕಾಶದಲ್ಲಿ ಹಾರಿಸಿದ್ದಾಯಿತು. ವಿಮಾನ ತಾನೇ ತನ್ನನ್ನು ನಡೆಸಿಕೊಳ್ಳುವ ಆಟೋಪೈಲಟ್ ಎಂಬ ಏರ್ಪಾಡು ಕದ್ದು ಒಳಗೆ ಬಂದಿರಬಹುದೆಂದು ಅದರ ಗುಂಡಿಯ ಮೇಲೆ ಅಕ್ಕನ ಕುಂಕುಮದ ಡಬ್ಬಿಯ ಮುಚ್ಚಳ ಅಂಟಿಸಿ ಕಾವಲಿಟ್ಟರು. ಕಂಪ್ಯೂಟರ್ ಅರೆನಿದ್ದೆಗೆ ಜಾರಿ ಕೋಲಿನ ಮಾತು ಕೇಳಿಸಿಕೊಳ್ಳದೆ ಹೋಯಿತೇನೋ ಎಂದು ಅದರ ನಿದ್ದೆಗೆಡಿಸುವ ಉಪಾಯಗಳನ್ನೆಲ್ಲ ಮಾಡಿದರು. ತಮ್ಮ ನಿದ್ದೆ ಕೆಟ್ಟದ್ದು ಲಾಭ. ಒಂದು ಸಂಜೆ ಇಡೀ ಆಟವನ್ನೇ ಅಳಿಸಿ ಮತ್ತೆ ತುಂಬಿದರು. ಪ್ರತಿ ಸಂಜೆಯೂ ವಿಮಾನ ಹೂವಿನಂತೆ ಇಳಿಯುತ್ತಿತ್ತು. ನಾನು ಹಿಂದೆ ನಿಂತು ನೋಡಿದೆ, ಇಳಿಯಿತು. ಅಕ್ಕ ಬಾಗಿಲಿಗೊರಗಿ ನೋಡಿದಳು, ಇನ್ನೂ ಚೆನ್ನಾಗಿ ಇಳಿಯಿತು. ಕೆಟ್ಟದ್ದು ರಿಪೇರಿಯಾಗುತ್ತದೆ, ಕೆಡದೇ ಇರುವುದನ್ನು ರಿಪೇರಿ ಮಾಡುವುದು ಹೇಗೆ? ಭಾವನವರ ಮುಖ ಇಳಿದಷ್ಟು ನಯವಾಗಿ ಆ ವಿಮಾನವೂ ಇಳಿಯುತ್ತಿರಲಿಲ್ಲ.

"ನಿಮ್ಮಮ್ಮ ಕೂತಾಗ ಮಾತ್ರ ಬಿತ್ತು," ಎಂದು ಬುಧವಾರ ಮೆಲ್ಲಗೆ ಅಂದರು.

"ನಮ್ಮಮ್ಮನ ಕಾಲ್ಗುಣ ಸರಿಯಿಲ್ಲ ಅಂತಿದ್ದೀರಾ?" ಅಕ್ಕನ ದನಿ ಮೂರನೆಯ ಗೇರಿನಲ್ಲಿತ್ತು.

ಮೇಜಿನಡಿ ಧಪ್ಪೆಂದಿತು. "ಹಾಗಲ್ಲ ಮಾರಾಯ್ತಿ. ಅವರು ಇನ್ನೊಂದ್ಸಲ ಕೂರಬೇಕು ಅಂದೆ."

ಅಮ್ಮ ಖಂಡಿತ ಒಪ್ಪಲಿಲ್ಲ. ಒಂದು ಸಲ ಬಿದ್ದದ್ದು ಸಾಕು, ಮನೆಯೊಳಗೇ ಬಿದ್ದದ್ದರಿಂದ ಬದುಕಿದೆ ಎಂದಳು. ಗುರುವಾರ ಬೆಳಿಗ್ಗೆ ಚಿಕ್ಕಮ್ಮನ ಫೋನು ಬಂತು. ಆಚೆಯ ದನಿ ಇಡೀ ಹಜಾರಕ್ಕೆ ಕೇಳುತ್ತಿತ್ತು: "ನೀನು ಬರಲ್ಲ ಅಂದ್ರೆ ಈಗ್ಲೇ ಹೇಳ್ಬಿಡು ಅಕ್ಕಾ. ನಾನೇ ಕುಂಟ್ಕೊಂಡು ಬರ್ತೀನಿ." ಅಮ್ಮ ಫೋನಿಟ್ಟು ಬಹಳ ಹೊತ್ತು ಕನ್ನಡಕ ಒರೆಸಿದಳು. ಸಂಜೆ ಯಾರೂ ಕರೆಯದೆ ಬೂಟು ಹಾಕಿಕೊಂಡು, ಕೈಚೀಲ ಹಿಡಿದು, ಇಸ್ತ್ರಿ ಕೋಣೆಗೆ ಬಂದು ಕೂತಳು.

ಈ ಸಲ ಪೆಪ್ಪರ್‌ಮಿಂಟ್ ಇಲ್ಲ. ಮತ್ತೆ ಹೊಲ, ಮನೆ, ರಸ್ತೆ ಎದ್ದು ಬಂದವು. ಮತ್ತೆ ಮೂತಿ ಬಲಕ್ಕೆ ಹೊರಳತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಪರದೆಯನ್ನೇ ದಿಟ್ಟಿಸುತ್ತ ಕೋಲಿನ ಜೊತೆ ಕುಸ್ತಿಗೆ ಬೀಳುತ್ತಿದ್ದರು. ಭಾವ ಕೋಲು ಬಿಟ್ಟೇಬಿಟ್ಟರು. ಗಾಡಿ ಅಡ್ಡಾದಿಡ್ಡಿ ಹೋದರೆ ರಸ್ತೆ ನೋಡದೆ ಕಲಿಯುವವರ ಕಾಲು ನೋಡುವ ಹಳೆಯ ಚಾಳಿ ಕಡೆಗೂ ಎಚ್ಚೆತ್ತು, ಅವರು ಪಕ್ಕಕ್ಕೆ ತಿರುಗಿ ಕೆಳಗೆ ನೋಡಿದರು. ನಾನೂ ನೋಡಿದೆ. ಅಮ್ಮನ ಬಲಗಾಲು ನೆಟ್ಟಗೆ ಚಾಚಿ, ಹಿಮ್ಮಡಿ ಬಿಗಿದು, ಶಕ್ತಿಮೀರಿ ಒತ್ತುತ್ತಿತ್ತು. ಅದರ ಪಕ್ಕದಲ್ಲೇ, ಅಳತೆ ತೆಗೆದಂತೆ ಅದೇ ಕೋನದಲ್ಲಿ, ತಮ್ಮ ಪೆಡಲಿನಾಚೆಯ ಬರಿನೆಲದ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತ ಭಾವನವರದೂ ಚಾಚಿತ್ತು. ವ್ಯತ್ಯಾಸ ಇಷ್ಟೇ: ಅಮ್ಮನ ಬೂಟಿನಡಿ ನಿಜವಾಗಿಯೂ ಒಂದು ಪೆಡಲಿತ್ತು.

ಹಳೆಯ ಪೆಡಲುಗಳು. ಹೊಸದು ಬಂದಾಗ ಅವನ್ನು ಪಕ್ಕದ ಕುರ್ಚಿಯ ಮುಂದಕ್ಕೆ ತಳ್ಳಿದ್ದ ಭಾವ ಅವುಗಳ ತಂತಿ ಕಿತ್ತಿರಲಿಲ್ಲ. ಲೋಕದಲ್ಲಿ ಇನ್ಯಾರೇ ಆಗಿದ್ದರೂ, ಒಂದು ವಿಮಾನಕ್ಕೆ ಎರಡು ಜೊತೆ ಪೆಡಲು ಏಕೆಂದು ಮೊದಲ ದಿನವೇ ಕೇಳುತ್ತಿದ್ದರು. ಪಕ್ಕದ ಸೀಟಿನ ಮುಂದೆ ಪೆಡಲಿಲ್ಲದ ವಾಹನವನ್ನೇ ಅರೆಬರೆ ಎಂದು ಬಗೆಯುವ ಕಣ್ಣಿಗೆ ಅದರಷ್ಟು ಸಹಜವಾದ ವಸ್ತು ಇನ್ನೊಂದಿರಲಿಲ್ಲ. ಹುಡುಕಾಟದ ದಿನಗಳಲ್ಲಿ ಅವರು ಅದನ್ನು ದಾಟಿ ದಾಟಿಯೇ ಓಡಾಡಿದ್ದರು.

ವಿಮಾನ ಹೊಲಕ್ಕೆ ಬಿತ್ತು. ಅದರ ಕಡೆ ಯಾರೂ ನೋಡಲಿಲ್ಲ.

ಕಾರಣ ಕಂಡರೆ ಮುಚ್ಚಿಡಲು ಬಾರದ ಮನುಷ್ಯ. "ಅತ್ತೆ," ಎಂದರು ಅಂಜುತ್ತ, "ಎರಡು ಸಲವೂ ಬೀಳಿಸಿದ್ದು ನೀವು."

ಅಮ್ಮ ಬಗ್ಗಿ ಪೆಡಲನ್ನು ನೋಡಿದಳು, ಪರದೆಯನ್ನು ನೋಡಿದಳು. ಮುಖದಲ್ಲಿ ನಿಧಾನವಾಗಿ ಒಂದು ಹೆಮ್ಮೆ ಅರಳಿತು. "ಅಷ್ಟು ದೊಡ್ಡ ವಿಮಾನ ನನ್ನ ಕಾಲಿನ ಮಾತು ಕೇಳ್ತಾ?"

ಭಾವ ತಂತಿ ಕಿತ್ತು ಮತ್ತೆ ಹಾರಿಸಿದರು. ಅಮ್ಮ ಪರೀಕ್ಷೆಗೆಂದು ಬೇಕಂತಲೇ ತುಳಿದಳು; ವಿಮಾನ ಕದಲದೆ ಬಂದು ನೆಲ ಮುಟ್ಟಿತು.

"ನಿಜವಾದ ವಿಮಾನದಲ್ಲಿ ನನ್ನ ಸೀಟಿನ ಹತ್ರ ಇಂಥದ್ದೇನೂ ಇರಲ್ಲ ತಾನೆ?"

"ಏನೂ ಇರಲ್ಲ ಅತ್ತೆ. ಸೀಟಿನ ಕೆಳಗೆ, ನೀರಿಗೆ ಬಿದ್ರೆ ಹಾಕ್ಕೊಳ್ಳೋ ಜಾಕೆಟ್ ಒಂದಿರುತ್ತೆ, ಅಷ್ಟೆ."

"ರೀ," ಎಂದಳು ಅಕ್ಕ. ಈ ಸಲ ನೆಲವನ್ನು ಒದ್ದದ್ದು ಅವಳ ಕಾಲು.

ಶುಕ್ರವಾರ ಯಾವ ರದ್ದತಿಯೂ ಇಲ್ಲದೆ ಕಳೆಯಿತು. ಪ್ರಯಾಣದ ದಿನ ನಡೆದದ್ದನ್ನು ಅಕ್ಕ ಫೋನಿನಲ್ಲಿ ಹೇಳಿದಳು: ವಿಮಾನ ಇಳಿಯತೊಡಗಿದಾಗ ಅಮ್ಮ ಎರಡೂ ಕಾಲನ್ನು ನೆಲದಿಂದೆತ್ತಿ, ಸೀಟಿನ ಮೇಲೆ ಮಡಚಿಕೊಂಡು, ಕೊನೆಯವರೆಗೂ ಹಾಗೇ ಕೂತಿದ್ದಳಂತೆ. ಬಾಗಿಲ ಬಳಿ ನಿಂತಿದ್ದ ಪೈಲಟ್‌ಗೆ, "ಚೆನ್ನಾಗಿ ಓಡಿಸಿದ್ರಪ್ಪಾ. ನಾನು ಕಾಲು ಮುಟ್ಟಿಸ್ಲೇ ಇಲ್ಲ," ಎಂದು ಭರವಸೆ ಕೊಟ್ಟಳಂತೆ. ಆ ಹೊತ್ತಿಗೆ ಇಲ್ಲಿ, ನನ್ನ ಕಣ್ಣೆದುರೇ, ಭಾವ ಸೋಫಾದಲ್ಲಿ ಕೂತು, ಗೋಡೆ ಗಡಿಯಾರ ನೋಡುತ್ತ, ನಮ್ಮ ಜಮಖಾನೆಯನ್ನು ಬಲಗಾಲಿನಿಂದ ಒತ್ತುತ್ತಿದ್ದರು.

ಚುಕ್ಕಾಣಿ ಹಿಡಿದವರ ಗುಣಗಾನ ಮಾಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಪಕ್ಕದ ಸೀಟಿನವರ ಬಗ್ಗೆ ಒಂದು ಸಾಲೂ ಯಾರಿಗೂ ಹೊಳೆಯುವುದಿಲ್ಲ. ಅವರೋ, ನಮ್ಮ ಗಾಡಿ ನೆಟ್ಟಗೆ ಹೋದರೆ ಕಾಲನ್ನು ಮೇಲೆತ್ತಿಟ್ಟುಕೊಂಡು, ಅಡ್ಡ ಹೋದರೆ ಅದೇಕೆಂದು ತಿಳಿಯುವವರೆಗೆ ಅನ್ನ ಸೇರದೆ, ಇಲ್ಲದ ಬ್ರೇಕನ್ನೇ ನಂಬಿ ಒತ್ತುತ್ತ ಕೂತಿರುತ್ತಾರೆ. ಆ ಒತ್ತುವಿಕೆಯಿಂದ ಎಷ್ಟು ಅಪಘಾತ ತಪ್ಪಿದೆಯೋ ಲೆಕ್ಕವಿಲ್ಲ, ಒಂದೆರಡು ವಿಮಾನ ಬಿದ್ದಿರುವುದಂತೂ ನಾನೇ ಕಂಡ ಸತ್ಯ. ಆದರೂ ಇಳಿಜಾರು ಬಂದಾಗ ಪಕ್ಕದಲ್ಲೊಂದು ಕಾಲು ನಮಗಾಗಿ ಚಾಚಿಕೊಂಡಿದೆ ಎಂದು ತಿಳಿದರೆ, ಏಕೋ, ನಮ್ಮ ಕಾಲು ನಡುಗುವುದು ನಿಲ್ಲುತ್ತದೆ.